ಮಾಳಪ್ಪನ ಮರಿದೊಡ್ಡಿ

ಬೆಳಿಗ್ಗೆ ಮಾಳಪ್ಪ ಆಫೀಸಿನ ಬಾಗಿಲು ದೂಡಿ ಒಳಗೆ ಬಂದರೆ ಸಾಕು, ರಾಹುಲ ತನ್ನ ಕುರ್ಚಿಯಿಂದಲೇ ‘ಬ್ಯಾ’ ಎಂದು ಕುರಿಯ ಹಾಗೆ ಒದರುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮಾಳಪ್ಪನೂ ನಗುತ್ತಿದ್ದ. ಅವನು ಹಾಗೆ ನಗುವುದನ್ನು ಕಂಡರೆ ನನಗೆ ರಾಹುಲನಿಗಿಂತ ಮಾಳಪ್ಪನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿತ್ತು. ಐವತ್ತರ ಹತ್ತಿರದ ಮನುಷ್ಯ, ತಲೆ ಅರ್ಧ ಬೆಳ್ಳಗಾಗಿದೆ, ಮಗನ ವಯಸ್ಸಿನವನೊಬ್ಬ ಹಂಗಿಸಿದರೆ ಹಲ್ಲು ಕಿರಿಯಬೇಕೇ? ನಾನು ಕಾಜಲ್, ಹುಕ್ಕೇರಿಯವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಾಳೆ. ಇರಲಿ ಬಿಡಿ. ಮಾಳಪ್ಪನ ಕಥೆಯನ್ನು ಸಿಟ್ಟಿಲ್ಲದೆ ಹೇಳುವುದು ನನ್ನಿಂದ ಆಗದ ಮಾತು.

ಗೋಕಾಕದ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಆಫೀಸು. ಮಾಲೀಕ ಶಿವಾನಂದ. ರಾಹುಲ ಅವನ ಅಕ್ಕನ ಮಗ, ಕಂಪ್ಯೂಟರಿನ ಮೇಲ್ವಿಚಾರಣೆ ಅವನದು. ನಮ್ಮ ಕೆಲಸ ದನಿ ಕೂಡಿಸುವುದು. ಯಂತ್ರಗಳಿಗೆ ಕನ್ನಡ ಮಾತಾಡಲು ಕಲಿಸುವ ಕಂಪನಿಗಳಿಗೆ ನಮ್ಮ ಕಡೆಯ ಜನರ ಮಾತು ಬೇಕಂತೆ. ಊರೂರಿಗೆ ಹೋಗಿ ಜನರ ಮುಂದೆ ಮೈಕು ಹಿಡಿದು ಮಾತಾಡಿಸುತ್ತೇವೆ, ತಂದು ಜೋಡಿಸುತ್ತೇವೆ. ತಾಲ್ಲೂಕಿಗೊಂದು ಫೋಲ್ಡರ್, ಅದರೊಳಗೆ ಊರಿನದು, ಊರಿನೊಳಗೆ ಓಣಿಯದು, ಓಣಿಯೊಳಗೆ ಮನುಷ್ಯನದು. ಹಿಡಕಲ್ಲಿನ ಮೀನುಗಾರನ ದನಿ ಹುಕ್ಕೇರಿ ತಾಲ್ಲೂಕಿನೊಳಗೆ ಹೋಗಬೇಕು, ಧುಪದಾಳದ ಅಜ್ಜಿಯದು ಗೋಕಾಕದೊಳಗೆ. ಈ ಜೋಡಿಸುವ ಕೆಲಸ ಮಾಳಪ್ಪನದು.

ಮಾಳಪ್ಪ ಮೂಡಲಗಿ ಹತ್ತಿರದ ಕಲ್ಲೋಳಿಯ ಕುರುಬರ ಮನೆಯವನು. ಅಣ್ಣಂದಿರೆಲ್ಲ ಕುರಿ ಹೊಡೆದುಕೊಂಡು ಹೋದರೆ ಇವನು ಮರಿ ಕಾಯುತ್ತಿದ್ದ. ರಾತ್ರಿ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಿದಾಗ ಸುತ್ತಲೂ ಬಲೆಯ ದೊಡ್ಡಿ, ಅದರ ನಟ್ಟನಡುವೆ ಹಾಲು ಕುಡಿಯುವ ಮರಿಗಳಿಗೆ ಇನ್ನೊಂದು ಸಣ್ಣ ದೊಡ್ಡಿ. ಅದಕ್ಕೆ ಮರಿದೊಡ್ಡಿ ಎನ್ನುತ್ತಾರೆ. ಹೊರಗಿನ ದೊಡ್ಡಿಗೆ ಅಪ್ಪನ ಕಾವಲು, ಒಳಗಿನದಕ್ಕೆ ಇವನ ಕಾವಲು. ತೋಳ ಬಂದರೆ ಎರಡು ಬೇಲಿ ಹಾರಬೇಕು, ಎರಡು ಕೋಲು ತಪ್ಪಿಸಬೇಕು. ತನ್ನ ಕಾವಲಿನಲ್ಲಿ ಒಂದು ಮರಿಯೂ ಹೋಗಲಿಲ್ಲ ಎಂದು ಮಾಳಪ್ಪ ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಆಮೇಲೆ ಸಾಲಿ, ಆಮೇಲೆ ಮೂಡಲಗಿಯ ಒಂದು ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟರೆ ಮದುವೆ ಮುರಿಯುವ ಊರುಗಳು ನಮ್ಮವು. ಮಾಳಪ್ಪ ಬೀಗರ ಮುಂದೆ ಕೂತು ಹೆಸರು ಕೇಳಿ ಕೇಳಿ ಹಾಕುತ್ತಿದ್ದನಂತೆ. ಜನ ಫೋನಿನಲ್ಲೇ ಪತ್ರಿಕೆ ಕಳಿಸಲು ಶುರು ಮಾಡಿದ ಮೇಲೆ ಅಂಗಡಿ ಮುಚ್ಚಿತು, ಅವನು ನಮ್ಮಲ್ಲಿಗೆ ಬಂದ.

ಅವನ ಹೆಂಡತಿ ಸೀತವ್ವ. ಸೋದರಮಾವನ ಮಗಳು, ಜೊತೆಗೇ ಆಡಿ ಬೆಳೆದವಳು, ಹಾಗಾಗಿ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಅದೂ ಪೂರ್ತಿ ಹೆಸರಲ್ಲ, ‘ಮಾಳ್ಯಾ’. ಓಣಿಯ ಹೆಂಗಸರು ಮೊದಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಆಮೇಲೆ ನಗುವುದನ್ನು ಬಿಟ್ಟರು. ಘಟಪ್ರಭಾದ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಹೆಂಗಸು. ಆಕೆ ಬದನೆಕಾಯಿ ಕೂಗಿದರೆ ರೈಲು ಹತ್ತುವವರು ಹಿಂತಿರುಗಿ ನೋಡುತ್ತಿದ್ದರು. ದನಿಯಲ್ಲಿ ಒಂದು ಗರಗಸ ಇತ್ತು. ಧುಪದಾಳದ ಅವರ ಮನೆಯ ಹಿತ್ತಲಲ್ಲಿ ನಿಂತು ‘ಮಾಳ್ಯಾ’ ಎಂದರೆ, ರಸ್ತೆಯಾಚೆ ಚಹಾದಂಗಡಿಯಲ್ಲಿ ಕೂತ ಮಾಳಪ್ಪ ಅರ್ಧ ಕಪ್ಪು ಬಿಟ್ಟು ಏಳುತ್ತಿದ್ದನಂತೆ. ಬೈಗುಳವೋ ಊಟವೋ ಎಂಬುದು ಆ ಕೂಗಿನಲ್ಲೇ ಅವನಿಗೆ ತಿಳಿಯುತ್ತಿತ್ತು.

ಹೋದ ವರ್ಷ ಆ ದನಿ ಒಡೆಯಿತು. ಮೊದಲು ಥಂಡಿ ಎಂದರು, ಕಷಾಯ ಕುಡಿಸಿದರು. ಹರೆಯದಿಂದ ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುತ್ತಿದ್ದ ಹೆಂಗಸು. ಬೆಳಗಾವಿಯ ಡಾಕ್ಟರು ನೋಡಿ, ಗಂಟಲ ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಮಾಳಪ್ಪ ಆಫೀಸಿಗೆ ಬಂದು ಇದನ್ನು ಹೇಳಿದಾಗ ರಾಹುಲ, ಇನ್ನು ನಿನ್ನ ಮನೆಯಲ್ಲಿ ಶಾಂತಿ ಬಿಡು ಕಾಕಾ ಎಂದ. ಮಾಳಪ್ಪ ಅದಕ್ಕೂ ನಕ್ಕ. ನಾನು ರಾಹುಲನ ಚಹಾದ ಕಪ್ಪನ್ನು ಕಿಟಕಿಯ ಹೊರಗೆ ಚೆಲ್ಲಿದೆ. ನನ್ನಿಂದ ಆದದ್ದು ಅಷ್ಟೇ.

ದಾರಿಯೊಂದು ಇತ್ತು, ಅದೂ ನಮ್ಮದೇ ಆಫೀಸಿನಲ್ಲಿ. ಒಬ್ಬ ಮನುಷ್ಯನ ಮಾತನ್ನು ಸಾಕಷ್ಟು ಕೂಡಿಸಿಟ್ಟರೆ ಯಂತ್ರ ಆ ದನಿಯನ್ನು ಕಲಿತುಕೊಳ್ಳುತ್ತದೆ. ಮುಂದೆ ಫೋನಿನಲ್ಲಿ ಯಾವ ಅಕ್ಷರ ಒತ್ತಿದರೂ ಅದೇ ದನಿಯಲ್ಲಿ ಓದುತ್ತದೆ. ಸೀತವ್ವ ಏಳನೆಯ ಇಯತ್ತೆಯವರೆಗೆ ಓದಿದವಳು, ಒತ್ತಲು ಬರುತ್ತದೆ. ಶಿವಾನಂದ ಒಪ್ಪಿದ. ಆಫೀಸಿನ ಕೆಲಸ ಮುಗಿದ ಮೇಲೆ ಮಾಡಿಕೊಳ್ಳಬೇಕು, ಕೊನೆಗೆ ಕಂಪನಿಯ ಹೆಸರಿನಲ್ಲಿ ಒಂದು ವಿಡಿಯೊ ತೆಗೆಸಿಕೊಳ್ಳಬೇಕು ಎಂಬ ಕರಾರು ಹಾಕಿದ. ಮಾಳಪ್ಪ ಅವನ ಕಾಲಿಗೆ ಬೀಳಲು ಹೋದ.

ಸಂಜೆ ಸೀತವ್ವ ಬರುತ್ತಿದ್ದಳು. ನಾನು ಮೈಕಿನ ಬದಿಗೆ ಕೂರುತ್ತಿದ್ದೆ, ದನಿ ಮಾಳಪ್ಪನ ಲ್ಯಾಪ್‌ಟಾಪಿಗೆ ಇಳಿಯುತ್ತಿತ್ತು. ಕಂಪನಿ ಕೊಟ್ಟ ವಾಕ್ಯಗಳನ್ನು ಕೊಟ್ಟರೆ, ‘ಇಂದು ಹವಾಮಾನ ಆಹ್ಲಾದಕರವಾಗಿದೆ’ ಎಂಬಂಥವು, ಆಕೆ ಕಾಗದವನ್ನು ಮೇಜಿನ ಮೇಲೆ ಒಗೆದಳು.

“ಇಂಥಾ ಮಾತ ನಾ ಹುಟ್ಟಿದಾಗಿಂದ ಆಡಿಲ್ಲ. ನಾಳಿ ಫೋನ್ಯಾಗ ನಾ ಇದನ್ನ ಅಂದ್ರ ನನ್ನ ಗುರ್ತ ಯಾರ ಹಿಡೀತಾರ?” ಎಂದಳು.

ಹಾಗಾಗಿ ಆಕೆಯ ಮಾತುಗಳನ್ನೇ ಆಡಿಸಿದೆವು. ಸಂತೆಯ ಕೂಗು, ಗಿರಾಕಿಯ ಜೊತೆ ಜಗಳ, ಕೋಳಿ ಕರೆಯುವುದು, ಪಕ್ಕದ ಮನೆಯವಳ ದೂರು, ನಗು, ಕೆಮ್ಮು, ಲೆಕ್ಕವಿಲ್ಲದಷ್ಟು ಬೈಗುಳ. ಬೈಗುಳಕ್ಕೆ ಮಾಳಪ್ಪನನ್ನು ಎದುರಿಗೆ ಕೂರಿಸಬೇಕಾಗಿತ್ತು, ಇಲ್ಲದಿದ್ದರೆ ಆಕೆಗೆ ಮನಸ್ಸು ಬರುತ್ತಿರಲಿಲ್ಲ. ‘ಮಾಳ್ಯಾ’ ಎಂಬುದೊಂದನ್ನೇ ಎಷ್ಟು ನಮೂನೆ ಹೇಳಿಸಿದೆವೋ! ಹಸಿದಾಗಿನದು, ಕಳ್ಳತನ ಹಿಡಿದಾಗಿನದು, ಜ್ವರ ಬಂದಾಗಿನದು. ದನಿ ದಿನದಿನಕ್ಕೆ ಸವೆಯುತ್ತಿತ್ತು. ನಡುವೆ ನೋವಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನೀರು ಗುಟುಕರಿಸಿ ಮತ್ತೆ ಶುರು ಮಾಡುತ್ತಿದ್ದಳು. ನನಗೆ ಆ ಹೆಂಗಸಿನ ಮೇಲೆ ಪ್ರೀತಿ ಬಂದುಬಿಟ್ಟಿತು. ಅಂಜಿಕೆಯೂ ಇತ್ತು.

ಇನ್ನು ಆ ದನಿಯನ್ನು ಇಟ್ಟ ಜಾಗದ ಮಾತು. ನಮ್ಮ ಆಫೀಸಿನ ಫೋಲ್ಡರುಗಳನ್ನೆಲ್ಲ ಕಾಯುವುದು ಗಿಟ್ ಎಂಬ ತಂತ್ರಾಂಶ. ದೊಡ್ಡ ಫೋಲ್ಡರಿನ ಬಾಗಿಲಲ್ಲಿ ಅದನ್ನು ಕೂರಿಸಿದರೆ, ಒಳಗೆ ಎಷ್ಟು ಮನೆಯೊಳಗೆ ಮನೆ ಇದ್ದರೂ ತಳದವರೆಗೆ ಇಳಿದು, ಇಂದು ಯಾವುದು ಬಂತು, ಯಾವುದು ಬದಲಾಯಿತು ಎಂದು ನೋಡಿ ಒಂದೊಂದನ್ನೂ ಉಳಿಸಿಕೊಳ್ಳುತ್ತದೆ. ಸಂಜೆ ಅದನ್ನು ಸರ್ವರ್ ಎಂಬ ದೂರದ ಕಂಪ್ಯೂಟರಿಗೆ ಕಳಿಸಿದರೆ ಮುಗಿಯಿತು. ಲ್ಯಾಪ್‌ಟಾಪು ಸುಟ್ಟು ಹೋದರೂ ಸರ್ವರಿನಿಂದ ಎಲ್ಲ ವಾಪಸ್ಸು ಬರುತ್ತದೆ. ಮಾಳಪ್ಪ ಇದನ್ನು ಕಲಿತಿದ್ದ, ದಿನಾ ಮಾಡುತ್ತಿದ್ದ.

ಆದರೆ ಸೀತವ್ವನ ದನಿಯನ್ನು ಎಲ್ಲರ ದನಿಯ ಹಾಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಯಾರಾದರೂ ಅಳಿಸಿಬಿಟ್ಟರೆ? ಗೋಕಾಕ ತಾಲ್ಲೂಕಿನೊಳಗೆ, ಧುಪದಾಳದೊಳಗೆ, ತಮ್ಮ ಓಣಿಯೊಳಗೆ ‘ಸೀತವ್ವ’ ಎಂದು ಫೋಲ್ಡರ್ ಮಾಡಿ, ಆ ಒಳಗಿನ ಫೋಲ್ಡರಿಗೆ ಬೇರೆಯದೇ ಒಂದು ಗಿಟ್ ಕೂರಿಸಿದ. ಹೊರಗೊಂದು ಕಾವಲು, ಒಳಗೊಂದು ಕಾವಲು. ಕುರುಬನ ತಲೆಗೆ ಇದಕ್ಕಿಂತ ಭದ್ರವಾದದ್ದು ಹೊಳೆಯುವುದು ಸಾಧ್ಯವಿಲ್ಲ. ನನಗೂ ಅದನ್ನು ಹೆಮ್ಮೆಯಿಂದ ತೋರಿಸಿ, ಇದು ಮರಿದೊಡ್ಡಿ ಎಂದ. ನನಗೇನು ಗೊತ್ತು, ಚಲೋ ಮಾಡಿದಿರಿ ಎಂದೆ.

ಗಿಟ್ ಕುರಿ ಕಾದದ್ದಲ್ಲ. ಹೊರಗಿನ ಗಿಟ್ಟು ಒಳಗೆ ಇಳಿಯುತ್ತ ಇಳಿಯುತ್ತ ಇನ್ನೊಂದು ಗಿಟ್ಟು ಕೂತ ಹೊಸ್ತಿಲು ಕಂಡರೆ ಅಲ್ಲೇ ನಿಲ್ಲುತ್ತದೆ. ಒಳಗಿನದು ಬೇರೆಯವರ ಸಂಸಾರ ಎಂದು ತಿಳಿದು ಒಂದು ಫೈಲನ್ನೂ ಮುಟ್ಟುವುದಿಲ್ಲ. ಇಲ್ಲಿ ಇಂಥದ್ದೊಂದು ಫೋಲ್ಡರ್ ಇದೆ, ಇಂದು ಅದರ ಗುರುತಿನ ಸಂಖ್ಯೆ ಇದು ಎಂದಷ್ಟೇ ಬರೆದುಕೊಂಡು ಬರುತ್ತದೆ. ಒಳಗಿನದನ್ನು ಸರ್ವರಿಗೆ ಕಳಿಸುವ ವ್ಯವಸ್ಥೆಯನ್ನು ಬೇರೆಯಾಗಿಯೇ ಮಾಡಬೇಕು. ಮಾಳಪ್ಪ ಮಾಡಿರಲಿಲ್ಲ. ಹೊರಗಿನ ಕಾವಲುಗಾರ ಒಳಗಿನದನ್ನೂ ಹೊತ್ತೊಯ್ಯುತ್ತಾನೆ ಎಂದೇ ನಂಬಿದ್ದ.

ಗಿಟ್ ಮೋಸ ಮಾಡಲಿಲ್ಲ, ಅದನ್ನೂ ಹೇಳಬೇಕು. ಮೊದಲ ದಿನ ಹಳದಿ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಮಾಳಪ್ಪನಿಗೆ ಅಷ್ಟು ಇಂಗ್ಲಿಷು ಬಾರದು. ಅವನು ರಾಹುಲನನ್ನು ಕರೆದ, ಒಂದು ಸಲ ಬಂದು ನೋಡು ಎಂದ. ರಾಹುಲ ಎದ್ದು ಕೂಡ ಬರಲಿಲ್ಲ.

“ಹಳದಿ ಬಂದ್ರ ಬಿಡ ಕಾಕಾ. ಕೆಂಪ ಬಂದ್ರ ನನಗ ಹೇಳ,” ಎಂದ.

ಕೆಂಪು ಬರಲೇ ಇಲ್ಲ. ಹಳದಿಯೂ ಮತ್ತೆ ಬರಲಿಲ್ಲ. ದಿನಾ ಸಂಜೆ ಬದಲಾದದ್ದರ ಪಟ್ಟಿಯಲ್ಲಿ ‘ಸೀತವ್ವ’ ಎಂಬ ಹೆಸರು ತಪ್ಪದೆ ಬರುತ್ತಿತ್ತು. ಮಾಳಪ್ಪ ಆ ಹೆಸರಿನ ಮೇಲೆ ಬೆರಳಿಟ್ಟು ನೋಡಿ, ಸರ್ವರಿಗೆ ಕಳಿಸಿ, ಲ್ಯಾಪ್‌ಟಾಪು ಮುಚ್ಚುತ್ತಿದ್ದ.

ಯಂತ್ರಕ್ಕೆ ಆ ದನಿ ಕಲಿಸುವುದನ್ನು ವಾಪಸ್ಸು ಬಂದ ಮೇಲೆ ಎಂದು ಇಟ್ಟುಕೊಂಡು, ಆಪರೇಶನ್ನಿಗೆಂದು ಇಬ್ಬರೂ ಬೆಳಗಾವಿಗೆ ಹೋದರು. ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು, ಗಾಯ ಕೀವಾಯಿತು. ಮಾಳಪ್ಪನ ರಜೆ ಬೆಳೆದಂತೆ ಶಿವಾನಂದನ ಮುಖ ಗಂಟಾಯಿತು. ದವಾಖಾನೆಯಲ್ಲಿ ಹೆಂಡತಿಯ ಕಾಲು ಒತ್ತುತ್ತ ಕೂತರೆ ಪಗಾರ ಯಾರು ಕೊಡುತ್ತಾರೆ ಎಂದು ನಮ್ಮೆಲ್ಲರ ಮುಂದೆ ಅಂದ. ಒಂದು ದಿನ ಅವನ ಜಾಗಕ್ಕೆ ಹೊಸಬನನ್ನು ಕರೆತಂದ. ಮಾಳಪ್ಪನ ಲ್ಯಾಪ್‌ಟಾಪಿನ ಒಳಗಿನದನ್ನೆಲ್ಲ ಒರೆಸಿ ಹಾಕಿ ಹೊಸಬನಿಗೆ ಕೊಡು ಎಂದು ರಾಹುಲನಿಗೆ ಹೇಳಿದ.

ನಾನು ಅಡ್ಡ ಹೋದೆ. ಅದರಲ್ಲಿ ಸೀತವ್ವನ ದನಿ ಇದೆ, ಮೊದಲು ಅದನ್ನು ಬೇರೆ ಕಡೆ ತೆಗೆದಿಡು ಎಂದೆ. ರಾಹುಲ ಸರ್ವರಿನ ಪಟ್ಟಿ ತೆರೆದು ‘ಸೀತವ್ವ’ ಎಂಬ ಹೆಸರನ್ನು ತೋರಿಸಿದ. ಒಳಗೆ ಇಣುಕಿ ನೋಡು ಎಂದೆ. ನಿನಗೆ ಹೆಚ್ಚು ತಿಳಿಯುತ್ತದೇನು ಎಂದು ಗದರಿದ. ಬೇಕಾದರೆ ಅವನನ್ನೇ ಕೇಳೋಣ ಎಂದು ಮಾಳಪ್ಪನಿಗೆ ಫೋನು ಹಚ್ಚಿದ, ಎಲ್ಲ ಸರ್ವರಿಗೆ ಹಾಕಿದ್ದೀಯಾ ಎಂದಷ್ಟೇ ಕೇಳಿದ. ಲ್ಯಾಪ್‌ಟಾಪನ್ನು ಒರೆಸುವ ಸುದ್ದಿ ಎತ್ತಲಿಲ್ಲ. ಆ ಕಡೆಯಿಂದ ಮಾಳಪ್ಪನ ದನಿ ನನಗೂ ಕೇಳಿಸಿತು.

“ದಿನಾ ಹಾಕೇನಪಾ. ಒಂದ ದಿನಾನೂ ಬಿಟ್ಟಿಲ್ಲ.”

ರಾಹುಲ ನನ್ನ ಕಡೆ ನೋಡಿ ಹುಬ್ಬು ಹಾರಿಸಿ, ಗುಂಡಿ ಒತ್ತಿದ. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಅಳಿಸಿ ಹೋಯಿತು. ಆಮೇಲೆ ಅದರ ತುಂಬ ಹೊಸಬನ ಸರಂಜಾಮು ತುಂಬಿದರು.

ಮಾಳಪ್ಪ ಬಂದದ್ದು ಒಂದು ಸೋಮವಾರ. ಹೆಂಡತಿ ಮನೆಗೆ ಬಂದಿದ್ದಾಳೆ, ಕುತ್ತಿಗೆಯಲ್ಲಿ ಉಸಿರಿಗೆ ತೂತು ಇದೆ, ಗಂಜಿ ಕುಡಿಯುತ್ತಾಳೆ, ಫೋನು ಯಾವಾಗ ಮಾತಾಡುತ್ತದೆ ಎಂದು ಸನ್ನೆ ಮಾಡಿ ದಿನಕ್ಕೆ ಹತ್ತು ಸಲ ಕೇಳುತ್ತಾಳೆ ಎಂದ. ತನ್ನ ಕುರ್ಚಿಯಲ್ಲಿ ಬೇರೆಯವನು ಕೂತದ್ದು ನೋಡಿ ನನ್ನ ಮೇಜಿಗೆ ಬಂದ. ನನ್ನ ಕಂಪ್ಯೂಟರಿನಲ್ಲೇ ಸರ್ವರಿನಿಂದ ಎಲ್ಲವನ್ನೂ ಇಳಿಸಿಕೊಂಡ. ಗೋಕಾಕ ತೆರೆದ, ಧುಪದಾಳ ತೆರೆದ, ಓಣಿ ತೆರೆದ, ‘ಸೀತವ್ವ’ ತೆರೆದ. ಒಳಗೆ ಏನೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದ. ಮತ್ತೆ ಇಳಿಸಿಕೊಂಡ. ಓಣಿಯ ಬೇರೆಯವರ ದನಿಗಳೆಲ್ಲ ಸಾಲಾಗಿ ಇದ್ದವು. ಯಾವಳೋ ಬಾಜೂ ಮನೆಯವಳು, ಸೀತವ್ವ ಮೂರು ಹೊತ್ತೂ ಬೈಯುತ್ತಿದ್ದವಳು, ಅವಳ ದನಿ ಸಹ ಇತ್ತು.

ರಾಹುಲ ಬಂದು ಬಗ್ಗಿ ನೋಡಿದ. ಒಂದು ಕ್ಷಣ ಅವನ ಮುಖವೂ ಬಿಳಿಚಿತು, ಸುಳ್ಳು ಹೇಳಬಾರದು. ಆಮೇಲೆ ಅವನಿಗೆ ದಾರಿ ಸಿಕ್ಕಿತು.

“ದೊಡ್ಡಿ ಒಳಗ ದೊಡ್ಡಿ ಕಟ್ಟೂದು ನಿಮ್ಮ ಕುರ್ಯಾಗ ನಡೀತೈತಿ ಕಾಕಾ, ಇದರಾಗ ನಡ್ಯಾಂಗಿಲ್ಲ. ನಿನ್ನ ಕೈಯಾರೆ ನೀನ ಕಳಕೊಂಡಿ,” ಎಂದ.

ಒರೆಸಿದ್ದು ಯಾರು, ಹಳದಿ ಬಂದರೆ ಬಿಡು ಎಂದವನು ಯಾರು ಎಂದು ನಾನು ಕೂಗಾಡಿದೆ. ಶಿವಾನಂದ ಒಳಗಿನ ಕೋಣೆಯಿಂದ ಬಂದು ನನ್ನನ್ನೇ ಸುಮ್ಮನಿರಿಸಿದ. ಮಾಳಪ್ಪ ಹೊಸಬನ ಹತ್ತಿರ ಹೋದ. ಆ ಲ್ಯಾಪ್‌ಟಾಪನ್ನು ಬೇಡಿಕೊಂಡು ಬೆಳಗಾವಿಗೆ ಒಯ್ದ. ಇಂಥ ಡಿಸ್ಕಿನಲ್ಲಿ ಒರೆಸಿದ ಮೇಲೆ, ಅದರಲ್ಲೂ ಮೇಲೆ ಹೊಸದು ತುಂಬಿದ ಮೇಲೆ, ಏನೂ ಸಿಗುವುದಿಲ್ಲ ಎಂದು ಕಂಪ್ಯೂಟರ್ ರಿಪೇರಿ ಅಂಗಡಿಯವರು ವಾಪಸ್ಸು ಕಳಿಸಿದರು. ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದ.

ಶಿವಾನಂದನಿಗೆ ವಿಡಿಯೊದ ಚಿಂತೆ ಹತ್ತಿತ್ತು. ಮೂಕ ಹೆಂಗಸಿಗೆ ಮಾತು ಕೊಟ್ಟ ಕಂಪನಿ ಎಂದು ಅವನು ಆಗಲೇ ನಾಲ್ಕು ಕಡೆ ಹೇಳಿಕೊಂಡು ಬಂದಿದ್ದ.

“ಕಾಜಲ್‌ದು ದನಿ ಐತೆಲ್ಲ, ಅದನ್ನ ಹಾಕ್ರಿ. ಹೆಣ್ಣಿನ ದನೀನ ಅಲ್ಲೇನು ಅದೂ?” ಎಂದ.

ನನ್ನನ್ನು ಯಾರೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ವಾರವೇ ನನ್ನ ದನಿಯನ್ನು ನಮೂನೆಗೆಂದು ತೆಗೆದುಕೊಂಡಿದ್ದರು. ಅದು ಕಂಪನಿಯ ಸೊತ್ತು. ಎಲ್ಲಿಯೋ ಫೋನು ಮಾಡಿದವರಿಗೆ ‘ದಯವಿಟ್ಟು ನಿರೀಕ್ಷಿಸಿ’ ಎಂದು ನಾನೇ ಹೇಳುತ್ತಿರುತ್ತೇನಂತೆ. ಸೀತವ್ವನಿಗೆ ಮೊದಲೇ ಏನನ್ನೂ ಹೇಳಬಾರದು, ಆಪರೇಶನ್ ಆದವರಿಗೆ ಧಕ್ಕೆಯಾಗುತ್ತದೆ ಎಂದು ಶಿವಾನಂದ ಮಾಳಪ್ಪನಿಗೆ ತಾಕೀತು ಮಾಡಿದ. ಮಾಳಪ್ಪ ತಲೆಯಾಡಿಸಿದ. ನಾನು ಅವನ ಅಂಗಿ ಹಿಡಿದು ಜಗ್ಗಿ, ಹೋಗಿ ಹೇಳಿರಿ, ಈಗಲೇ ಹೇಳಿರಿ ಎಂದೆ. ಆಕೆ ದಿನಾ ಆ ಫೋನಿನ ಮಾತೇ ಕೇಳುತ್ತಾಳೆ, ಯಾವ ಬಾಯಿಂದ ಹೇಳಲಿ ಎಂದ.

ಧುಪದಾಳಕ್ಕೆ ನಾವು ಜೀಪಿನಲ್ಲಿ ಹೋದೆವು. ಮಧ್ಯಾಹ್ನದ ಬಿಸಿಲು. ಸೀತವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತಿದ್ದಳು. ಅರ್ಧ ಆಗಿದ್ದಳು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟಿದ್ದಳು, ಉಸಿರು ಬಿಟ್ಟಾಗ ಅದು ಹಾರುತ್ತಿತ್ತು. ನನ್ನನ್ನು ಕಂಡು ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಳು. ರಾಹುಲ ಕ್ಯಾಮರಾ ಹಿಡಿದ. ಶಿವಾನಂದ ಫೋನನ್ನು ಎರಡೂ ಕೈಯಿಂದ ಆಕೆಗೆ ಕೊಟ್ಟು, ಮೊದಲು ಎಲ್ಲರಿಗೂ ಧನ್ಯವಾದ ಎಂದು ಒತ್ತಬೇಕು ಎಂದು ದೊಡ್ಡ ದನಿಯಲ್ಲಿ ಹೇಳಿದ, ಕಿವುಡರಿಗೆ ಹೇಳುವ ಹಾಗೆ.

ಸೀತವ್ವ ಅವನ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು, ನಕ್ಕಳು, ತಡಕಾಡುತ್ತ ಅಕ್ಷರ ಒತ್ತಿದಳು. ಫೋನು ಮಾತಾಡಿತು.

“ಮಾಳ್ಯಾ.”

ನನ್ನ ದನಿ. ಗಿರಾಕಿಗೆ ಹೇಳುವ ಮೆತ್ತನೆಯ, ಸಕ್ಕರೆ ಹಾಕಿದ ದನಿ. ನನ್ನ ಮೈ ಉರಿದುಹೋಯಿತು. ಸೀತವ್ವನ ಮುಖದ ನಗು ಹಾಗೇ ಇತ್ತು, ಇನ್ನೂ ಅರ್ಥವಾಗಿರಲಿಲ್ಲ. ಮತ್ತೊಮ್ಮೆ ಒತ್ತಿದಳು. ಮತ್ತೆ ನಾನೇ ಮಾಳ್ಯಾ ಎಂದೆ. ಆಗ ಆಕೆ ನಿಧಾನವಾಗಿ ತಿರುಗಿ ನನ್ನ ಬಾಯಿಯನ್ನು ನೋಡಿದಳು. ಹಿಡಿದಿದ್ದ ನನ್ನ ಕೈಯನ್ನು ಬಿಟ್ಟಳು.

ಮಾಳಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ. ಮರಿದೊಡ್ಡಿ, ಕಾವಲು, ಹಳದಿ ಅಕ್ಷರ, ಬರೇ ಹೆಸರು ಉಳಿದದ್ದು. ತನ್ನದೇ ತಪ್ಪು ಎಂದ. ಒರೆಸಿದವನ ಹೆಸರು ಹೇಳಲಿಲ್ಲ, ಆ ಮನುಷ್ಯ ಎದುರಿಗೇ ಕ್ಯಾಮರಾ ಹಿಡಿದು ನಿಂತಿದ್ದ. ನಾನು ಹೇಳಿದೆ. ಬೆರಳು ಮಾಡಿ ತೋರಿಸಿ ಹೇಳಿದೆ. ಶಿವಾನಂದ, ಕ್ಯಾಮರಾ ಬಂದ್ ಮಾಡು ಎಂದ.

ಸೀತವ್ವ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿದವು. ಬೈಯುತ್ತಿದ್ದಳು, ತುಟಿ ನೋಡಿದರೆ ತಿಳಿಯುತ್ತಿತ್ತು, ಬಾಯಿ ತುಂಬ ಬೈಯುತ್ತಿದ್ದಳು. ಬಿಳಿ ಬಟ್ಟೆ ಪಟಪಟ ಹಾರಿತು, ಸುಯ್ ಎಂಬ ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಸಾಕಾಗಿ ನಿಲ್ಲಿಸಿ, ಫೋನು ಎತ್ತಿಕೊಂಡು ಬಹಳ ಹೊತ್ತು ಒತ್ತಿದಳು. ಅದನ್ನು ನನ್ನ ಮಡಿಲಲ್ಲಿ ಇಟ್ಟ ಮೇಲೆ ಅದು ನನ್ನ ದನಿಯಲ್ಲಿ, ಒಂದು ಚೂರೂ ಸಿಟ್ಟಿಲ್ಲದೆ, ಓದಿತು.

“ನಿನ್ನ ದನಿ ನೀ ತಗೊಂಡ ಹೋಗ. ನನ್ನ ಗಂಡನ್ನ ಬ್ಯಾರೆ ಹೆಂಗಸ ಬೈಯೂದು ಬ್ಯಾಡ.”

ಶಿವಾನಂದ ಮತ್ತು ರಾಹುಲ ಜೀಪು ತೆಗೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ, ಕರೆದಿದ್ದರೂ ನಾನು ಹತ್ತುತ್ತಿರಲಿಲ್ಲ. ಬಸ್ಸಿನವರೆಗೆ ಬಿಟ್ಟುಬರಲು ಮಾಳಪ್ಪ ಹೊರಟ. ಅಂಗಳ ದಾಟುವಷ್ಟರಲ್ಲಿ ಒಳಗಿನಿಂದ ಚಪ್ಪಾಳೆ ಕೇಳಿಸಿತು. ಈಗ ಆಕೆ ಹೀಗೇ ಕರೆಯುತ್ತಾಳೆ ಎಂದು ಅವನು ಓಡಿಹೋದ. ನೀರು ಕೊಟ್ಟು ವಾಪಸ್ಸು ಬಂದ.

ರಸ್ತೆಯ ಬದಿಗೆ ನಿಂತೆವು. ಬಸ್ಸು ತಡವಾಗಿತ್ತು. ಆಫೀಸಿನಲ್ಲಿ ಇನ್ನು ನಿಮಗೆ ಕೆಲಸವಿಲ್ಲ, ಮುಂದೇನು ಎಂದು ಕೇಳಿದೆ. ಅದು ಅವನ ಕಿವಿಗೆ ಬೀಳಲಿಲ್ಲ. ಕೊನೆಗೆ ನಾಚಿಕೊಂಡವನ ಹಾಗೆ ಬೇರೆ ಕಡೆ ನೋಡುತ್ತ ಕೇಳಿದ.

“ತಂಗಿ, ನೀ ಅಷ್ಟ ದಿನಾ ಬಾಜೂ ಕುಂತ ಕೇಳೀದಿ. ಆಕಿ ಮಾಳ್ಯಾ ಅಂತ ಹೆಂಗ ಕರೀತಿದ್ಲು? ನನ್ನ ಕಿವ್ಯಾಗಿಂದ ಅದು ಹೊಂಟೈತಿ. ಒಮ್ಮೆ ಅಂದ ತೋರಸ.”

ನಾನು ಗಂಟಲು ಬಿಗಿಹಿಡಿದು, ಆ ಗರಗಸವನ್ನು ನೆನೆಸಿಕೊಂಡು ‘ಮಾಳ್ಯಾ’ ಎಂದೆ. ಅವನು ಕಿವಿಗೊಟ್ಟು ನಿಂತು ಕೇಳಿದ. ಅಲ್ಲ ಎಂದು ತಲೆ ಅಲ್ಲಾಡಿಸಿದ. ಇನ್ನೊಮ್ಮೆ ಅಂದೆ. ಅದಕ್ಕೂ ತಲೆ ಅಲ್ಲಾಡಿಸಿದ. ಬಸ್ಸು ಬರುವ ತನಕ ನಾನು ಕೂಗುತ್ತಲೇ ಇದ್ದೆ.